ಐದು ಮಹಡಿಯ ಕಾದಂಬರಿಯಲ್ಲಿ ಡೊಂಬಯ್ಯ ಮಾವ

ಪುತ್ತಿಗೆ, ಮೂಡುಬಿದಿರೆ
3 ನವೆಂಬರ್ 2025

ಪ್ರೀತಿಯ ಡೊಂಬಯ್ಯ ಮಾವನಿಗೆ, ಅಳಿಯ ಶಿಶಿರನ ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ನಿಮ್ಮ ಬಲಗೈಯ ಎರಡು ಬೆರಳನ್ನು ನಾನು ಕದ್ದಿದ್ದೇನೆ. ಯಾವ ಬಟ್ಟೆ ಕಂಡರೂ ಅಂಚು ತಿಕ್ಕಿ ನೋಡಿ, ಏನೂ ಹೇಳದೆ ಬಿಟ್ಟುಬಿಡುವ ಆ ಹೆಬ್ಬೆರಳು, ತೋರುಬೆರಳು ಈಗ ನನ್ನ ಕಾದಂಬರಿಯಲ್ಲಿವೆ. ಹಿಂದಿನ ಕಾಲದಲ್ಲಿ ಸೋದರಮಾವನ ಆಸ್ತಿಯೆಲ್ಲ ತಂಗಿಯ ಮಗನಿಗೇ ಬರುತ್ತಿತ್ತಂತೆ; ಎರಡೇ ಬೆರಳಿಗೆ ಸಮಾಧಾನಪಟ್ಟವನನ್ನು ಕೋರ್ಟಿಗೆ ಎಳೆಯಬೇಡಿ. ನಿಮ್ಮ ಆರೋಗ್ಯ ಹೇಗುಂಟು? ಸಕ್ಕರೆ ಹತೋಟಿಯಲ್ಲಿ ಉಂಟಾ? ಮಸ್ಕತ್ತಿನ ಸೆಕೆ ಇಳಿಯಿತಾ? ಇಲ್ಲಿ ನಾನು, ನನ್ನ ಹೆಂಡತಿ ಭವ್ಯಶ್ರೀ ಸೌಖ್ಯ. ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಎಷ್ಟು ಉದ್ದ ಬರೆದರೂ ನೀವು ಒಂದು ಹೆಬ್ಬೆರಳು ಎತ್ತಿ ತೋರಿಸಿ ಮುಗಿಸುತ್ತೀರಿ.

ಬಂಟ್ವಾಳ ಪೇಟೆಯಲ್ಲಿ ಅಮ್ಮನ ಬಟ್ಟೆ ಅಂಗಡಿಯ ಎದುರು ಎರಡು ವರ್ಷದಿಂದ ಒಂದು ಕಟ್ಟಡ ಏಳುತ್ತಿತ್ತಲ್ಲ, ಅದನ್ನು ನೋಡಿಯೇ ನನ್ನ ಕಾದಂಬರಿ ಎದ್ದದ್ದು: ಸೂಜಿಯಿಂದ ಸೋಫಾದವರೆಗೆ ಎಲ್ಲ ಸಿಗುವ ಐದು ಮಹಡಿಯ ಅಂಗಡಿ. ಹಣ ಹಾಕಿದ ಧಣಿ ಯಾರೆಂದು ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ ಶ್ರೀಮಂತರು ನೀವೊಬ್ಬರೇ, ಹಾಕಿಬಿಟ್ಟೆ. ಇಂಥ ಕಥೆಯಲ್ಲಿ ಧಣಿಯ ಕೆಲಸ ವಿಚಿತ್ರ. ಮಾಲು ತರುವವರು ಬೇರೆ, ಮಾರುವವರು ಬೇರೆ, ಲಿಫ್ಟಿನಲ್ಲಿ ಪ್ರೇಮಿಸುವವರು ಇನ್ಯಾರೋ. ಅವನು ಮೂರು ಅಧ್ಯಾಯಕ್ಕೊಮ್ಮೆ ಬಂದು ಕಪ್ಪು ಚಹಾ ಕುಡಿದು ಹೋಗುತ್ತಾನೆ. ಆದರೂ ಅವನು ಹೂಂ ಎಂದರೆ ಒಂದು ಮಹಡಿ ಏಳುತ್ತದೆ, ಊಹೂಂ ಎಂದರೆ ಎದುರಿನ ಸಣ್ಣ ಅಂಗಡಿ ಉಳಿಯುತ್ತದೆ. ಪಾತ್ರೆಗಳು ಮೂರನೇ ಮಹಡಿಯಲ್ಲಿ ಮಾತ್ರ. ಪಾತ್ರ ಐದರಲ್ಲೂ ನಿಮ್ಮದೇ. ಕಾಲೇಜಿನಲ್ಲಿ ನನ್ನೊಡನೆ ಪಾಠ ಮಾಡುವ ಆಫ್ರಾ ಹಸ್ತಪ್ರತಿ ಓದಿ, ಉಳಿದವರೆಲ್ಲ ಕಾಗದದ ಜನ, ಆ ಧಣಿ ಒಬ್ಬನಿಗೇ ಬೆವರು ಬರುತ್ತದೆ ಎಂದರು. ಮನುಷ್ಯರನ್ನು ಸೃಷ್ಟಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ ನೋಡಿ. ವಿನಯದಿಂದ ತಲೆ ತಗ್ಗಿಸಿದೆ. ತುಂಬ ಹೊತ್ತು ತಗ್ಗಿಸಿ ಇಡಲಾಗಲಿಲ್ಲ.

ಇನ್ನು ಊರಿನ ಸುದ್ದಿ. ಬಂಟ್ವಾಳಕ್ಕೆ ಬಂದ ಬಂಡವಾಳ ನಿಜಕ್ಕೂ ನಿಮ್ಮದೇ ಎಂದು ನಮಗೆ ತಿಳಿದದ್ದು ಹೋದ ವಾರ. ಹೊಸ ಅಂಗಡಿಯ ಮ್ಯಾನೇಜರ್ ನೌಫಲ್ ಬೀದಿಯ ಅಂಗಡಿಗಳಿಗೆಲ್ಲ ಕಾರ್ಡು ಹಂಚುತ್ತಾ ಬಂದು ಅಮ್ಮನಿಗೂ ಒಂದು ಕೊಟ್ಟರು. ಲಕೋಟೆಯ ಮೇಲೆ ‘ನೆರೆಯ ವರ್ತಕರಿಗೆ’ ಎಂದಿತ್ತು, ಒಳಗೆ ಮಾಲಕರೆಂದು ನಿಮ್ಮ ಹೆಸರು. ತಂಗಿಗೆ ಅಣ್ಣನ ಆಮಂತ್ರಣದ ಹೇಳಿಕೆ ಮನೆಗೆ ಬಂದು ಆಗಬೇಕು, ಬರಲಾಗದಿದ್ದರೆ ಒಂದು ಫೋನಾದರೂ. ನೌಫಲರದ್ದು ತಪ್ಪಲ್ಲ, ಅವರ ಪಟ್ಟಿಯಲ್ಲಿ ತಂಗಿ ಎಂಬ ಕಾಲಮ್ಮು ಇರಲಿಲ್ಲ. ಅಮ್ಮ ಕಾರ್ಡನ್ನು ಎರಡು ಸಲ ಓದಿ, ಕತ್ತರಿಯ ಅಡಿಗೆ ಇಟ್ಟು, ಇಷ್ಟೇ ಹೇಳಿದಳು: “ಅಣ್ಣ ಅಂಗಡಿ ತೆರೆಯಲಿ. ನಾನು ಅವನಿಗೆ ನೆರೆಯವಳಾ?” ನಿನ್ನೆ ಭಾನುವಾರ ನೀವು ಫೋನ್ ಮಾಡಿದಾಗ ಒಲೆಯಲ್ಲಿ ಗಂಜಿ ಉಕ್ಕುತ್ತಿದೆ ಎಂದು ಇಟ್ಟಳಲ್ಲ, ಗ್ಯಾಸ್ ಮುಗಿದು ಎರಡು ದಿನವಾಗಿತ್ತು. ಇನ್ನು ಮುಂದೆ ನಿಮ್ಮ ಫೋನ್ ತೆಗೆಯುವುದೇ ಇಲ್ಲವಂತೆ. ನಲವತ್ತು ವರ್ಷದ ಭಾನುವಾರಗಳು ಒಂದು ಲಕೋಟೆಗೆ ಮುಗಿಯುವ ಹಾಗೆ ಕಾಣುತ್ತದೆ. ನಾನು ವರದಿಗಾರ ಮಾತ್ರ.

ಅತ್ತೆಗೆ ನಮಸ್ಕಾರ, ಮನ್ವಿತನಿಗೆ ಪ್ರೀತಿ. ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಅಳಿಯ,
ಶಿಶಿರ್

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ಧಣಿಯ ಒಂದು ಮಾತೂ ನಾನು ಬರೆದದ್ದಲ್ಲ. ನಾನು ಬರೆದವನು ಚುರುಟು ಸೇದುವ ಖಳನಾಯಕ. ಅಮ್ಮ ಓದಿ, ನನ್ನ ಅಣ್ಣ ಹೀಗಲ್ಲ ಎಂದು ಪೂರಾ ಹೊಡೆದುಹಾಕಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಂಗಿ ಪೊಟ್ಟಣದ ರಟ್ಟುಗಳ ಮೇಲೆ ತಾನೇ ಬರೆದಳು. ನಾನು ನಕಲು ಮಾಡಿದೆ. ಕಾರ್ಡು ಬಂದ ಮೇಲೂ ಒಂದು ರಟ್ಟು ಬರೆದಿದ್ದಾಳೆ. ಅದರಲ್ಲಿ ಧಣಿ ಉದ್ಘಾಟನೆಯ ಬೆಳಿಗ್ಗೆ, ರಿಬ್ಬನ್ ಕತ್ತರಿಸುವ ಮೊದಲು, ಒಬ್ಬನೇ ರಸ್ತೆ ದಾಟಿ ಬಂದು ಎದುರಂಗಡಿಯಲ್ಲಿ ಮೈ ಒರೆಸುವ ಒಂದು ಬೈರಾಸು ಕೊಂಡು ಬೋಣಿ ಮಾಡುತ್ತಾನೆ. ಆಮೇಲೆ ಏನು ಹೇಳುತ್ತಾನೆ ಎಂಬಲ್ಲಿ ಖಾಲಿ. ಕೇಳಿದರೆ, ಅದು ಅಣ್ಣನಿಗೆ ಗೊತ್ತುಂಟು ಎನ್ನುತ್ತಾಳೆ. ನಿಮ್ಮ ಅಂಗಡಿಯ ಉದ್ಘಾಟನೆ ಹದಿನಾಲ್ಕಕ್ಕೆ. ನನಗೆ ಆ ಮಾತು ಬರೆಯಲು ಬರುವುದಿಲ್ಲ ಮಾವ, ಪುಸ್ತಕದ ಮೇಲೆ ಹೆಸರು ಮಾತ್ರ ನನ್ನದು.