ನಲವತ್ತರಲ್ಲಿ ಒಬ್ಬಳು

ಗೋಕಾಕ
ಮಾರ್ಚ್ ೧೫, ರವಿವಾರ

ಪ್ರೀತಿಯ ಪೂನಮ್,

ಹೇಗಿದ್ದೀ ಎಂದು ಕೇಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿಗೆ ಗಣಿತ ಹೇಳುವವರು ಹೇಗಿರುತ್ತಾರೆಂಬುದು ಘೋಡಗೇರಿಯಲ್ಲಿ ಅದೇ ಕೆಲಸ ಮಾಡುವ ನಿನಗೂ ಗೊತ್ತು. ಫೋನು ಮಾಡಿದ್ದರೆ ನಡುವೆ ಬಾಯಿ ಹಾಕಿ ‘ಹೋಗ್ಲಿ ಬಿಡವ್ವಾ’ ಅನ್ನುತ್ತಿದ್ದಿ. ನನಗೆ ಬಿಡುವುದು ಬೇಕಾಗಿಲ್ಲ, ಬೈಯುವುದು ಬೇಕಾಗಿದೆ. ಅದಕ್ಕೇ ಪತ್ರ.

ಈ ಸಲವೂ ನಮಗೆ ದತ್ತು ಹಂಚಿದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಂಡು, ನಸುಕಿನಲ್ಲೇ ಫೋನು ಮಾಡಿ ಎಬ್ಬಿಸಿ, ಹೇಗಾದರೂ ಪಾಸು ಮಾಡಿಸಬೇಕು. ನನ್ನ ಪಾಲಿಗೆ ಬಂದವಳು ಕುಲಗೋಡದಿಂದ ಬಸ್ಸಿಗೆ ಬರುವ ಪದ್ಮಶ್ರೀ. ಗಣಿತದಲ್ಲಿ ಎಂಬತ್ತಕ್ಕೆ ಹನ್ನೊಂದು. ಅವಳ ತಾಯಿ ಅಲ್ಲವ್ವನಿಗೆ ಫೋನು ಮಾಡಿ, ನಿಮ್ಮ ಮಗಳನ್ನು ದತ್ತು ತಗೊಂಡೀನ್ರಿ ಎಂದೆ. ಮರುದಿನ ಆಕೆ ಕಬ್ಬಿನ ಕಳೆ ಕೆಲಸ ಬಿಟ್ಟು ಶಾಲೆಗೇ ಬಂದಳು. ‘ಹಡದಾಕಿ ನಾ ಇನ್ನೂ ಗಟ್ಟಿ ಅದೀನ್ರಿ ಬಾಯಾರ! ನನ್ನ ಒಂದ ಮಾತ ಕೇಳದ ದತ್ತಕ ಹೆಂಗ ತಗೊಂಡ್ರಿ?’ ಎಂದು ಸ್ಟಾಫ್ ರೂಮಿನ ಬಾಗಿಲಲ್ಲೇ ಜಗಳಕ್ಕೆ ನಿಂತಳು. ಉಳಿದವರೆಲ್ಲ ನಕ್ಕರು. ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಹನ್ನೊಂದು ಎಂದರೆ ನಿನಗೆ ಏನು ಕಾಣುತ್ತದೆ ಹೇಳು. ಎಂಟನೆಯ ತರಗತಿಗೆ ಬಂದಾಗ ಈ ಹುಡುಗಿ ಕಳೆಯುವ ಲೆಕ್ಕಕ್ಕೆ ಕೈಬೆರಳು ಮುಗಿಸಿ ಕಾಲ್ಬೆರಳಿಗೆ ಇಳಿಯುತ್ತಿದ್ದಳು. ಈಗ ಸಮೀಕರಣವನ್ನು ಮೂರು ಸಾಲು ಸರಿಯಾಗಿ ಬಿಡಿಸಿ ನಾಲ್ಕನೆಯದರಲ್ಲಿ ಎಡವುತ್ತಾಳೆ. ಆ ಮೂರು ಸಾಲಿಗೆ ನನ್ನ ಮೂರು ವರ್ಷ ಹೋಗಿವೆ, ಅವಳು ಅತ್ತದ್ದೆಷ್ಟೋ. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲವಲ್ಲ! ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯೊಂದನ್ನೇ ನೋಡಿ ಮಕ್ಕಳನ್ನು ಅಳೆಯುವವರನ್ನು ಕಂಡರೆ ಮೈ ಉರಿಯುತ್ತದೆ.

ಈಗ ನಮ್ಮ ಹೆಡ್ ಮಾಸ್ತರರ ಜಾಣತನ ಕೇಳು. ನಲವತ್ತು ಮಕ್ಕಳಲ್ಲಿ ಅವರಿಗೆ ಫೇಲಾಗುವ ಅನುಮಾನವಿರುವುದು ಇವಳೊಬ್ಬಳ ಮೇಲೆ. ಪರೀಕ್ಷೆಗೆ ಬಾರದವರನ್ನು ಫಲಿತಾಂಶದ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಅದಕ್ಕೆ ಶುಕ್ರವಾರ ತಾಯಿ ಮಗಳಿಬ್ಬರನ್ನೂ ಕರೆಸಿ, ಹುಡುಗಿಗೆ ಆರಾಮಿಲ್ಲ ಎಂದು ಬರೆದು ಸಹಿ ಮಾಡಿರಿ, ಮನೆಯಲ್ಲೇ ಇರಲಿ, ಮುಂದೆ ಎರಡನೆಯ ಪರೀಕ್ಷೆಗೆ ಕೂರಿಸೋಣ ಎಂದರು. ನಾನು ಆಗುವುದಿಲ್ಲ ಎಂದೆ. ‘ನಾಳೆ ರಿಸಲ್ಟ್ ಕಮ್ಮಿ ಆತಂತ ನಿಮಗ ನೋಟಿಸ್ ಬಂದ್ರ ನಾ ಜವಾಬ್ದಾರ ಅಲ್ಲ ನೋಡ್ರಿ’ ಎಂದು ಆ ಹುಡುಗಿಯ ಎದುರಿಗೇ ನನ್ನ ಬಾಯಿ ಮುಚ್ಚಿಸಿದರು. ಆಗ ಅಲ್ಲವ್ವ ಸೆರಗು ಸರಿಮಾಡಿಕೊಂಡು, ‘ನಂದೇನೈತ್ರಿ ಸರ, ದತ್ತಕ ಕೊಟ್ಟಾಗೇತಿ. ಆಕಿ ಈಗ ಬಾಯಾರ ಮಗಳು. ಅವರ ಸಹೀನ ತಗೋರಿ’ ಎಂದಳು. ತಿಳಿದೇ ಅಂದಳೋ ತಿಳಿಯದೆ ಅಂದಳೋ, ನನಗಿನ್ನೂ ಗೊತ್ತಾಗಿಲ್ಲ. ನಾನು ಸಹಿ ಮಾಡಲಿಲ್ಲ. ಹೆಡ್ ಮಾಸ್ತರರು ಮೇಜು ಗುದ್ದಿ ಎದ್ದುಹೋದರು. ನಾನೇ ಆಫೀಸಿನಲ್ಲಿ ಹಾಲ್ ಟಿಕೆಟ್ ಕೇಳಿ ಪಡೆದು ಪದ್ಮಶ್ರೀಯ ಕೈಗೆ ಕೊಟ್ಟೆ.

ಬುಧವಾರ ಪರೀಕ್ಷೆ ಶುರು. ಅವಳು ಪಾಸಾಗುತ್ತಾಳೆಂಬ ನಂಬಿಕೆ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ನನಗೂ ಇಲ್ಲ. ಆದರೆ ಕೂರುತ್ತಾಳೆ. ಅಷ್ಟು ಮಟ್ಟಿಗೆ ನಾನು ಗೆದ್ದೆ. ನಿನ್ನ ದತ್ತು ಮಕ್ಕಳ ಸುದ್ದಿ ಬರೆ.

ಸಿಟ್ಟು ಇನ್ನೂ ಇಳಿಯದ ನಿನ್ನ
ಅನುರಾಧಾ

ತಾ.ಕ.: ಸೋಮವಾರ ಸಂಜೆ. ಪತ್ರ ಇನ್ನೂ ಅಂಚೆಗೆ ಹಾಕಿರಲಿಲ್ಲ. ಇಂದು ಪದ್ಮಶ್ರೀ ಹಾಲ್ ಟಿಕೆಟ್ ತಂದು ನನ್ನ ಮೇಜಿನ ಮೇಲಿಟ್ಟಳು. ‘ನಾ ಕುಂದ್ರಂಗಿಲ್ರಿ ಟೀಚರ್. ನನ್ನ ಸಲುವಾಗಿ ನಿಮಗ ನೋಟಿಸ್ ಬರೂದ ಬ್ಯಾಡ’ ಎಂದಳು. ಜೊತೆಗೊಂದು ಹಾಳೆ. ತಾನು ಕೂತು ಫೇಲಾದರೆ ಶಾಲೆಗೆ ಶೇಕಡಾ ತೊಂಬತ್ತೇಳೂವರೆ, ಕೂರದಿದ್ದರೆ ನೂರು ಎಂದು ಹಂತಹಂತವಾಗಿ ಬಿಡಿಸಿ ತೋರಿಸಿದ್ದಾಳೆ. ಗದರಿಸಿ ಹಾಲ್ ಟಿಕೆಟ್ಟನ್ನು ಅವಳ ಚೀಲಕ್ಕೇ ತುರುಕಿ ಕಳಿಸಿದ್ದೇನೆ. ಬುಧವಾರ ಬರುತ್ತಾಳೋ ಇಲ್ಲವೋ ತಿಳಿಯದು. ಪೂನಮ್, ಆ ಹುಡುಗಿ ಶೇಕಡಾ ಲೆಕ್ಕವನ್ನು ಒಂದೂ ತಪ್ಪಿಲ್ಲದೆ ಮಾಡಿದ್ದು ಇದೇ ಮೊದಲು.