ಸೊಸೆ ಸಭೆಯಲ್ಲಿ ಹೇಳಿದ ಮಾತು

ಮಗನೇ, ಆಶೀರ್ವಾದ. ಅಡ್ಡ ಮಾತಾಡದೆ ಪೂರ್ತಿ ಓದು.

ನಿನ್ನ ಹೆಂಡತಿಯ ಕಂಪನಿ ಮಾಡಿದ ಮಳೆನೀರು ಚರಂಡಿಯ ಯೋಜನೆಗೆ ಇವತ್ತು ಇಲ್ಲಿನ ನಗರಸಭೆ ಒಪ್ಪಿಗೆ ಕೊಡಬೇಕಿತ್ತು. ಯಾರು ಬೇಕಾದರೂ ಕೂತು ಕೇಳಬಹುದಂತೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಇವಳು ಎದ್ದು ನಿಂತು, "ನಿನ್ನೆ ಮತ್ತೆ ಲೆಕ್ಕ ಹಾಕಿ ನೋಡಿದೆ. ತಪ್ಪು ನನ್ನದೇ. ಈ ಪೈಪು ಸಾಲದು, ಜೋರು ಮಳೆ ಬಂದರೆ ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗುತ್ತೆ" ಅಂದಳು.

ಅವಳ ಮ್ಯಾನೇಜರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, "ಕೂತ್ಕೊಳ್ಳಮ್ಮ" ಅಂತ ಪಿಸುಗುಟ್ಟಿದ. ಇವಳು ಕೂರಲಿಲ್ಲ.

"ಕಂಟ್ರಾಕ್ಟೇ ಕೈತಪ್ಪಬಹುದು, ಗೊತ್ತೇನಮ್ಮಾ?" ಅಂತ ಅಧ್ಯಕ್ಷೆ ಕೇಳಿದರು.

"ಅದು ತಪ್ಪಿದರೆ ತಪ್ಪಲಿ ಮೇಡಂ, ಲೆಕ್ಕ ತಪ್ಪೋದು ಬೇಡ."

ಒಪ್ಪಿಗೆ ನಿಂತುಹೋಯಿತು. ಮೊದಲು ಚಪ್ಪಾಳೆ ತಟ್ಟಿದವಳು ನಾನು. ನಮ್ಮ ಮನೆತನದಲ್ಲಿ ಇದುವರೆಗೆ ಯಾರ ಬಾಯಲ್ಲೂ "ತಪ್ಪು ನನ್ನದು" ಅನ್ನೋ ಮಾತು ಬಂದದ್ದಿಲ್ಲ. ನೀನಂತೂ ಬಿಡು.

ನನ್ನ ಮಂಡಿನೋವು ಕಡಿಮೆಯಾಗಿದೆ. ನೀನು ಬಿ.ಪಿ. ಮಾತ್ರೆ ಮರೆಯಬೇಡ. ಇವಳ ಕೆಲಸ ಹೋದರೂ ಹೋಗಬಹುದು. ಆಗ ಯಾರಾದರೂ ಬಂದು "ಪಾಪ" ಅಂದರೆ, ಪಾಪ ಅನ್ನಿಸಿಕೊಳ್ಳುವ ಸೊಸೆ ನಮ್ಮ ಮನೆಯಲ್ಲಿಲ್ಲ ಅಂತ ಹೇಳಿ ಕಳಿಸು.

ನಿನ್ನ ಅಮ್ಮ