ರಿಮ್ಮಾಳ ಗಾಡಿಗೆ ಕ್ಯಾಮೆರಾ

ನವೆಂಬರ್ 6

ಬೆಳಿಗ್ಗೆ ಮೈನಸ್ ಹದಿನಾಲ್ಕು. ರಿಮ್ಮಾ ಒಂಬತ್ತಕ್ಕೆ ಹೊರಟಳು. ಇವತ್ತು ಎರಡು ಪಿಯಾನೋ ಶ್ರುತಿ ಮಾಡಬೇಕು. ಒಂದು ಸಂಗೀತ ಶಾಲೆಯದು, ಇನ್ನೊಂದು ಯಾರೋ ವಿಧವೆಯ ಮನೆಯದು. ಅದು ಶ್ರುತಿ ಕಂಡು ಮೂವತ್ತು ವರ್ಷವಾಯಿತಂತೆ. ಸಲಕರಣೆ ಪೆಟ್ಟಿಗೆ ಹಿಂದಿನ ಸೀಟಿನಲ್ಲಿಟ್ಟಳು. ನಮ್ಮ ಹಳೇ ಲಾಡಾ ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಕಿಟಕಿಯಿಂದ ನೋಡುತ್ತ ನಿಂತಿದ್ದೆ.

ಇಪ್ಪತ್ತೊಂದು ವರ್ಷ ನಾನೇ ಓಡಿಸಿದೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಅವಳನ್ನು ಊರೂರಿನ ಪಿಯಾನೋಗಳ ಹತ್ತಿರ ಕರೆದೊಯ್ಯುತ್ತಿದ್ದೆ. ಹೋದ ವರ್ಷ ಎಡಗಣ್ಣು ಹೋಯಿತು. ಬಲಗಣ್ಣಿಗೆ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತದೆ. ಲೈಸೆನ್ಸ್ ಕಿತ್ತುಕೊಂಡರು. ಐವತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಹೆಂಡತಿ ಓಡಿಸಲು ಕಲಿತಳು. ನಾನು ಕಲಿಸಿದೆ ಎನ್ನುವುದು ಸುಳ್ಳು. ಪಕ್ಕದಲ್ಲಿ ಕೂತು ಕೂಗಿದೆ.

ಪಕ್ಕದ ಗ್ಯಾರೇಜಿನ ರಿನಾತ್ ಸಿಕ್ಕಿದ್ದ. ಟ್ಯಾಕ್ಸಿ ಓಡಿಸುತ್ತಾನೆ. ಮೊನ್ನೆ ಯಾರೋ ಅವನ ಬಾನೆಟ್ ಮೇಲೆ ತಾನೇ ಬಿದ್ದು ಸೊಂಟ ಮುರಿಯಿತೆಂದು ಅತ್ತನಂತೆ. ರಿನಾತ್ ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾ ಕಡೆ ಬೆರಳು ತೋರಿಸಿದ ತಕ್ಷಣ ಎದ್ದು ಓಡಿದನಂತೆ.

"ರಿಮ್ಮಾ ಫ್ಯೋದೊರೊವ್ನಾ ಗಾಡೀಲಿ ಇಲ್ವಲ್ಲ ಇನ್ನೂ?" ಅಂದ. "ಕ್ಯಾಮೆರಾ ಇಲ್ದೆ ಈ ಊರಲ್ಲಿ ಓಡ್ಸೋದು ಅಂದ್ರೆ ಪ್ಯಾಂಟಿಲ್ದೆ ಬಜಾರಿಗೆ ಹೋದಂಗೆ, ಅರ್ಕಾದಿ ಲ್ವೋವಿಚ್."

ಕೊಳ್ಳಬೇಕು. ಮೂರು ಸಾವಿರ ರೂಬಲ್ ದಾಟುವ ಹಾಗಿಲ್ಲ.

ನವೆಂಬರ್ 8

ಎರಡು ದಿನ ಲ್ಯಾಪ್‌ಟಾಪ್‌ಗೆ ಮೂಗು ಒತ್ತಿಕೊಂಡು ಓದಿದೆ. ತಲೆ ಕೆಟ್ಟಿತು. ಡಬ್ಬದ ಮೇಲೆ ಬರೆದಿರುವುದರಲ್ಲಿ ಅರ್ಧ ಸುಳ್ಳು. ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ದೊಡ್ಡದೆಂದು ಮಾರುತ್ತಾರೆ. ಮುಂದಿನ ಗಾಡಿಯ ನಂಬರ್ ಮಬ್ಬಿನಲ್ಲಿ ಓದಲು ಬರುತ್ತದೆಯೇ ಎಂದು ಯಾರೂ ಹೇಳುವುದಿಲ್ಲ.

ರಿನಾತ್ ನಾಲ್ಕು ಕ್ಯಾಮೆರಾ ಹಾಳುಮಾಡಿದ ಅನುಭವಿ. "ಒಳಗೆ ಬ್ಯಾಟರಿ ಇರೋದು ಬೇಡ. ನಮ್ಮ ಚಳೀಲಿ ಜನವರಿಯೊಳಗೆ ಉಬ್ಕೊಂಡು ಸಾಯುತ್ತೆ. ಕೆಪಾಸಿಟರ್ ಇರೋದು ನೋಡಿ."

"ಹಿಂದಕ್ಕೂ ಒಂದು ಬೇಕಲ್ವಾ?"

"ಮೂರು ಸಾವಿರಕ್ಕೆ ಹಿಂದೆ, ಮುಂದೆ, ಮೇಲೆ, ಕೆಳಗೆ ಎಲ್ಲಾ ಬೇಕಾ? ಮುಂದಿಂದೇ ಒಂದು ಒಳ್ಳೇದು ತಗೊಳ್ಳಿ. ಮೆಮೊರಿ ಕಾರ್ಡಿಗೆ ಮಾತ್ರ ಜಿಪುಣತನ ಮಾಡ್ಬೇಡಿ."

ನನ್ನ ಹಳೆ ಫೋನಿನ ಕಾರ್ಡ್ ಹಾಕೋಣವೆಂದಿದ್ದೆ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ನಕ್ಕ.

ನವೆಂಬರ್ 11

ಕ್ಯಾಮೆರಾ ಕೊಂಡು ತಂದೆ. ಪರದೆ ಬೆಂಕಿಪೊಟ್ಟಣದಷ್ಟು. ಕೆಪಾಸಿಟರ್ ಇದೆ. ಕಾರ್ಡ್ ಬೇರೆ, ಹೊಸದು. ಎರಡೂ ಸೇರಿ ಲೆಕ್ಕದೊಳಗೇ ಬಂತು. ಅಂಗಡಿಯ ಹುಡುಗಿ ಅಳವಡಿಸಲು ಎಂಟುನೂರು ಕೇಳಿದಳು. ಮೂವತ್ತನಾಲ್ಕು ವರ್ಷ ಲೋಹದ ಕೆಲಸ ಮಾಡಿದವನಿಗೆ! ಡಬ್ಬ ಎತ್ತಿಕೊಂಡು ಬಂದೆ.

ನವೆಂಬರ್ 12, ಭಾನುವಾರ

ಗ್ಯಾರೇಜಿನಲ್ಲಿ ನಾಲ್ಕು ತಾಸು.

ಚಳಿಯಲ್ಲಿ ಅಂಟುಪಟ್ಟಿ ಗಾಜಿಗೆ ಹಿಡಿಯುವುದಿಲ್ಲ. ರಿಮ್ಮಾಳ ಹೇರ್ ಡ್ರೈಯರ್ ತಂದು ಗಾಜು ಬಿಸಿ ಮಾಡಿದೆ. ಸ್ಪಿರಿಟ್ಟಿನಲ್ಲಿ ಒರೆಸಿದೆ. ಕನ್ನಡಿಯ ಹಿಂದೆ ಜಾಗ ಗುರುತಿಸಿ ಅಂಟಿಸಿದೆ. ಓಡಿಸುವವಳ ನೋಟಕ್ಕೆ ಅಡ್ಡ ಬರಬಾರದು, ವೈಪರ್ ಒರೆಸುವ ಜಾಗದೊಳಗೇ ಇರಬೇಕು. ವೈರನ್ನು ಚಾವಣಿಯ ಬಟ್ಟೆಯ ಅಂಚಿನೊಳಗೆ ತುರುಕಿ, ಬಾಗಿಲ ಪಕ್ಕದ ಕಂಬದ ಒಳಗಿಂದ ಕೆಳಗಿಳಿಸಿ, ಸಿಗರೇಟ್ ಲೈಟರಿನ ತೂತಿಗೆ ತಂದೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಎರಡು ಸಲ ಪ್ಲಗ್ ಗಾಳಿಗೆ ಚುಚ್ಚಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಮಾಡಿದೆ. ಬೆರಳು ಮರೆತಿಲ್ಲ.

ರಿಮ್ಮಾ ಚಹಾ ತಂದಳು. ಗಾಡಿಯೊಳಗೆ ಸುತ್ತ ನೋಡಿದಳು.

"ವೈರ್ ಎಲ್ಲಿ?"

"ಹುಡುಕು."

ಹುಡುಕಿದಳು. ಸಿಗಲಿಲ್ಲ. ಕೆನ್ನೆ ತಟ್ಟಿ ಹೋದಳು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನವೆಂಬರ್ 13

ಬಂದವಳೇ ದೂರು. "ಅದು ಕುಂಯ್ ಅನ್ನತ್ತೆ, ಅರ್ಕಾಶಾ. ಸ್ಟಾರ್ಟ್ ಮಾಡಿದ್ರೆ ಕುಂಯ್, ನಿಲ್ಲಿಸಿದ್ರೆ ಕುಂಯ್. ಅದೂ ಎರಡು ಸ್ವರದ ಮಧ್ಯೆ ಎಲ್ಲೋ. ಹಲ್ಲು ಜುಮ್ಮನ್ನತ್ತೆ."

ದಿನವಿಡೀ ಶ್ರುತಿ ಹಿಡಿಯುವ ಕಿವಿ. ಇಳಿದು ಹೋಗಿ ಆ ಕುಂಯ್ ಸದ್ದು ಪೂರ್ತಿ ಬಂದ್ ಮಾಡಿದೆ. ಈಗ ಕೆಂಪು ದೀಪ ಮಾತ್ರ.

ನವೆಂಬರ್ 15

ಸರಿಯಾಗಿ ಹಿಡಿಯುತ್ತದೆಯೇ ನೋಡಬೇಕಿತ್ತು. ಅವಳು ಬಂದ ಮೇಲೆ ಗ್ಯಾರೇಜಿಗೆ ಹೋಗಿ ಕಾರ್ಡ್ ತೆಗೆದುಕೊಂಡು ಬಂದು ಲ್ಯಾಪ್‌ಟಾಪಿಗೆ ಹಾಕಿದೆ. ಅವಳು ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಚಿತ್ರ ಚೆನ್ನಾಗಿದೆ. ನಂಬರ್ ಓದಲು ಬರುತ್ತದೆ. ತಪ್ಪುಗಳ ಪಟ್ಟಿ ಮಾಡಿ ಹೇಳಬೇಕೆಂದು ಕಾಗದ ಪೆನ್ಸಿಲ್ ಇಟ್ಟುಕೊಂಡಿದ್ದೆ.

ಕ್ಯಾಮೆರಾ ಸದ್ದನ್ನೂ ಹಿಡಿಯುತ್ತದೆ ಎಂಬುದು ಮರೆತಿತ್ತು.

ಇಂಜಿನ್ ಜೊತೆ ಅವಳು ಗುನುಗುತ್ತಾಳೆ. ಸದ್ದು ಏರಿದಂತೆ ಅವಳೂ ಏರುತ್ತಾಳೆ. "ಲಾ ಬಂತು," ಅನ್ನುತ್ತಾಳೆ, ಆ ಸ್ವರಕ್ಕೇ ಗೇರ್ ಬದಲಿಸುತ್ತಾಳೆ. ಒಂದು ಚೂರೂ ಕೊಸರಾಟವಿಲ್ಲ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ನಾನು ಆ ಗೇರ್‌ಬಾಕ್ಸ್ ಜೊತೆ ಇಪ್ಪತ್ತೊಂದು ವರ್ಷ ಗುದ್ದಾಡಿದ್ದೇನೆ.

ಕಾಗದ ಖಾಲಿ ಉಳಿಯಿತು.

ನವೆಂಬರ್ 17

ಮತ್ತೆ ನೋಡಿದೆ. ಸಂಜೆ ಕಾರ್ಡ್ ತರುವುದು, ಬೆಳಿಗ್ಗೆ ಅವಳು ಹೊರಡುವ ಮೊದಲು ಹಾಕಿ ಬರುವುದು. ಗಾಡಿಯ ಬ್ಯಾಟರಿ ನೋಡಿ ಬರುತ್ತೇನೆಂದು ಹೇಳುತ್ತೇನೆ.

ಇವತ್ತಿನದರಲ್ಲಿ ಕಾರ್ಖಾನೆ ಹಿಂದಿನ ಇಳಿಜಾರು. ಇಡೀ ರಸ್ತೆ ಹೆಪ್ಪುಗಟ್ಟಿ ಗಾಜಾಗಿತ್ತು. ಮುಂದಿನ ವ್ಯಾನ್ ಅಡ್ಡ ತಿರುಗಿತು. ಅವಳು ಬ್ರೇಕ್ ತುಳಿಯಲಿಲ್ಲ. ನಾನಾದರೆ ತುಳಿಯುತ್ತಿದ್ದೆ. ಗೇರ್ ಇಳಿಸಿ, ಬಲಗಡೆಯ ಮರಳಿನ ಅಂಚಿಗೆ ಚಕ್ರ ಹತ್ತಿಸಿ, ವ್ಯಾನಿನ ಪಕ್ಕದಲ್ಲಿ ನುಸುಳಿ ಹೋದಳು. ಆಮೇಲೆ ನನ್ನ ದನಿ ಅಣಕಿಸಿ, "ಕಣ್ಣೆಲ್ಲಿಟ್ಟಿದ್ಯೆ, ರಿಮ್ಮಾ! ಕಾಲ್ಕೆಳಗೆ ಮೊಟ್ಟೆ ಇದೆ ಅನ್ಕೋ!" ಎಂದು ತನಗೆ ತಾನೇ ಕೂಗಿಕೊಂಡು ನಕ್ಕಳು.

ಹಾಗೆ ಕೂಗುತ್ತಿದ್ದೆನೇ? ಅಷ್ಟು ಜೋರಾಗಿ?

ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

ನವೆಂಬರ್ 23

ದಿನಾ ನೋಡುತ್ತಿದ್ದೇನೆ. ಹೇಳಿಲ್ಲ. ಹೇಗೆ ಹೇಳುವುದು? ನಿನ್ನ ಬೆನ್ನ ಹಿಂದೆ ಕೂತು ನೋಡುತ್ತೇನೆ ಎನ್ನಲೇ?

ಟ್ರಾಮ್ ನಿಲ್ದಾಣದ ಹತ್ತಿರ ಒಬ್ಬಾಕೆ ಕೋಲೂರಿಕೊಂಡು ರಸ್ತೆ ದಾಟುತ್ತಿದ್ದಳು. ಹಿಂದಿನವರು ಹಾರ್ನ್ ಹೊಡೆದರು. ಇವಳು ಆಕೆ ದಾಟುವವರೆಗೂ ಅಲುಗಲಿಲ್ಲ. "ಬಡ್ಕೊಳ್ಳಿ, ಬಡ್ಕೊಳ್ಳಿ, ಅದೂ ಅಪಸ್ವರ," ಅಂದಳು.

ನವೆಂಬರ್ 30, ಸಂಜೆ 5

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಸಂಗೀತ ಶಾಲೆಯಿಂದ ಫೋನ್ ಬಂತು. ಮಧ್ಯಾಹ್ನ ಕಛೇರಿ, ಪಿಯಾನೋದಲ್ಲಿ ತಂತಿ ಹರಿದಿದೆ. ದಿನಕ್ಕಿಂತ ಒಂದು ತಾಸು ಮೊದಲೇ ಹೊರಟಳು. ನಾನಿನ್ನೂ ಹಾಸಿಗೆಯಲ್ಲಿದ್ದೆ. ಕಾರ್ಡ್ ಲ್ಯಾಪ್‌ಟಾಪಿನಲ್ಲಿತ್ತು.

ಎಂಟೂಮುಕ್ಕಾಲಿಗೆ ಅವಳ ಫೋನ್.

"ಅರ್ಕಾಶಾ, ಏರಿನಲ್ಲಿ ಹಿಂದಿಂದ ಗುದ್ದಿದಾರೆ. ನನಗೇನಾಗಿಲ್ಲ. ಕ್ಯಾಮೆರಾದಲ್ಲಿ ಕಾರ್ಡಿಲ್ಲ. ಕಾರ್ಡ್ ಎಲ್ಲಿ?"

ಲ್ಯಾಪ್‌ಟಾಪ್ ಕಡೆ ನೋಡಿದೆ. "ನನ್ನ ಹತ್ರ ಇದೆ."

ಆ ಕಡೆ ಗಂಡಸಿನ ದನಿ ಕೇಳಿಸಿತು. "ಕಾರ್ಡಿಲ್ವಾ?" ಆಮೇಲೆ ಅದೇ ದನಿ, ಬೇರೆ ವರಸೆಯಲ್ಲಿ: "ಹಾಗಾದ್ರೆ ಕೇಳಮ್ಮಾ, ನೀನೇ ಹಿಂದಕ್ಕೆ ಜಾರಿ ಬಂದು ನನಗೆ ಗುದ್ದಿದ್ದು. ಏರಿನಲ್ಲಿ ಗಾಡಿ ಹಿಡಿಯೋಕೆ ಬರಲ್ಲ ಅಂದ್ರೆ ಮನೇಲಿ ಸೂಪ್ ಮಾಡ್ಕೊಂಡಿರ್ಬೇಕು."

ಆಗ ನಾನು ಕೇಳಿದ ಪ್ರಶ್ನೆ ಬರೆಯಲು ನಾಚಿಕೆಯಾಗುತ್ತದೆ. ಹದಿನೈದು ದಿನ ಅವಳ ಚಾಲನೆ ನೋಡಿದವನು, ಬೆಣ್ಣೆ ಚಾಕು ಎಂದು ಬರೆದವನು, ಕೇಳಿದೆ:

"ಹ್ಯಾಂಡ್ ಬ್ರೇಕ್ ಹಾಕಿದ್ಯಾ?"

ಅವಳು ಫೋನ್ ಇಟ್ಟಳು.

ಟ್ರಾಮ್ ಹತ್ತಿ ಹೋದೆ. ಇಳಿದಾಗ ಮೊದಲು ಕಂಡದ್ದು ಅವಳ ಹಸಿರು ಟೋಪಿ. ನಮ್ಮ ಲಾಡಾ ಬಲಗಡೆ ಅಂಚಿನಲ್ಲಿ ನಿಂತಿದೆ. ಅದರ ಹಿಂಭಾಗಕ್ಕೆ ಒಂದು ದೊಡ್ಡ ಕಪ್ಪು ಜೀಪ್ ಮೂತಿ ತುರುಕಿದೆ. ರಿಮ್ಮಾ ಗಾಡಿಯ ಮುಂದೆ, ಬಾನೆಟ್‌ಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತಿದ್ದಾಳೆ. ಕೋಳಿ ಮರಿಗಳನ್ನು ಕಾಯುವ ಹಾಗೆ. ಮೈನಸ್ ಇಪ್ಪತ್ತೆರಡು.

ಓಡಿದೆ.

"ಅಲ್ಲೇ ನಿಲ್ಲು!" ಎಂದು ಕೂಗಿದಳು. "ಹಿಮ ತುಳೀಬೇಡ! ಸುತ್ತಿ ಬಾ, ಆ ಕಡೆಯಿಂದ!"

ಸುತ್ತಿ ಹೋದೆ. ಆಗ ಗೊತ್ತಾಯಿತು. ಹಿಂದಿನಿಂದ ಆಂಬುಲೆನ್ಸ್ ಬಂದಿತಂತೆ, ದಾರಿ ಬಿಡಲು ಇವಳು ಅಂಚಿಗೆ ಸರಿದು ನಿಂತಳು. ಬೆಳಗಿನ ಜಾವ ಬಿದ್ದ ಹಿಮ ಆ ಅಂಚಿನಲ್ಲಿ ಯಾರೂ ತುಳಿಯದೆ ಹಾಗೇ ಇತ್ತು. ಹಿಂದೆ ವೇಗವಾಗಿ ಬರುತ್ತಿದ್ದ ಜೀಪ್ ಜಾರಿ ಬಂದು ಗುದ್ದಿತು. ಇಳಿದವನು ಮೊದಲು ಕ್ಷಮಿಸಿ ಕ್ಷಮಿಸಿ ಅಂದನಂತೆ, ಕಾರ್ಡಿಲ್ಲ ಎಂದು ತಿಳಿಯುವವರೆಗೆ.

ಅವನು ಈಗ ಅಲ್ಲೇ ಓಡಾಡುತ್ತಿದ್ದ. "ಗಾಡಿ ತೆಗೀರಿ, ರಸ್ತೆ ಕಟ್ಟಿದೀರಿ!"

"ಇನ್ಸ್‌ಪೆಕ್ಟರ್ ಬರ್ಲಿ."

"ಅಜ್ಜಿ, ನನಗೆ ಕೆಲಸ ಇದೆ."

"ನನಗೂ ಇದೆ. ಒಂದು ತಂತಿ ಹರಿದ ಪಿಯಾನೋ ಕಾಯ್ತಿದೆ. ಆ ಕಡೆಗೆ ನಿಂತ್ಕೊಳ್ಳಿ. ಇಲ್ಲಿ ಕಾಲಿಟ್ರೆ ಕಾಲು ಮುರೀತೀನಿ."

ಅವನು ಒಮ್ಮೆ ಮುಂದೆ ಬಂದ. ಅವಳು ಶ್ರುತಿ ತಿರುಗಿಸುವ ಕೀಲಿಯನ್ನು ಜೇಬಿನಿಂದ ತೆಗೆದಳು. ಅದು ಸುತ್ತಿಗೆಯ ಹಾಗೇ ಇರುತ್ತದೆ. ಅವನು ಹಿಂದೆ ಹೋದ. ನಾನು ಹಿಮ ತುಳಿಯದೆ ರಸ್ತೆಯಲ್ಲೇ ಅವಳ ಪಕ್ಕ ನಿಂತೆ. ನನ್ನ ಕಡೆ ನೋಡಲಿಲ್ಲ. ಟ್ರಾಮ್ ನಿಲ್ದಾಣದ ಹೆಂಗಸೊಬ್ಬಳು ಫ್ಲಾಸ್ಕಿನಲ್ಲಿ ಚಹಾ ತಂದಳು. ರಿಮ್ಮಾ ಕುಡಿದು ಲೋಟ ಕೊಟ್ಟು ಮತ್ತೆ ಕೈ ಅಗಲಿಸಿದಳು.

ಒಂದು ತಾಸು ಐವತ್ತು ನಿಮಿಷ.

ಇನ್ಸ್‌ಪೆಕ್ಟರ್ ಚಿಕ್ಕ ಪ್ರಾಯದವನು, ಮೂಗು ಕೆಂಪಾಗಿತ್ತು. ಜೀಪಿನವನು ಹತ್ತು ನಿಮಿಷ ಹೇಳಿದ. ಇವಳು ಒಂದೇ ಮಾತು ಹೇಳಿದಳು.

"ನಾನು ಮೇಲಿಂದ ಜಾರಿ ಬಂದಿದ್ರೆ ನನ್ನ ಮುಂದಿನ ಚಕ್ರದ ಮುಂದೆ ಚಕ್ರದ ಗುರುತಿರ್ಬೇಕು. ನೋಡಿ."

ಅವಳು ಪಕ್ಕಕ್ಕೆ ಸರಿದಳು. ಬಾನೆಟ್ ಮುಂದೆ ಅವಳ ಬೂಟಿನ ಎರಡು ಗುರುತು, ಅಷ್ಟೇ. ಎರಡೂ ಚಕ್ರದ ಮುಂದೆ ಹಿಮ ಹೊಸ ಬೆಡ್‌ಶೀಟಿನಂತೆ ಮೇಲಿನವರೆಗೂ ಹಾಸಿತ್ತು.

ಇನ್ಸ್‌ಪೆಕ್ಟರ್ ಮಂಡಿಯೂರಿ ನೋಡಿದ. ಟೇಪ್ ಹಿಡಿದ. ಫೋಟೋ ತೆಗೆದ. "ಇದನ್ನ ಯಾರು ಹೇಳ್ಕೊಟ್ರು ನಿಮಗೆ?"

"ಯಾರೂ ಇಲ್ಲ," ಅಂದಳು.

ಶಾಲೆಗೆ ಟ್ಯಾಕ್ಸಿಯಲ್ಲಿ ಹೋದಳು. ತಂತಿ ಹಾಕಿದಳು. ಕಛೇರಿ ಸರಿಯಾದ ಹೊತ್ತಿಗೆ ಶುರುವಾಯಿತಂತೆ. ರಿನಾತ್ ಗಾಡಿಯನ್ನು ಎಳೆದು ತಂದ.

ಡಿಸೆಂಬರ್ 4

ಊಟ ಬಡಿಸುತ್ತಾಳೆ. ಉಪ್ಪು ಕೇಳಿದರೆ ಕೊಡುತ್ತಾಳೆ.

ಕಾರ್ಡಿನ ಬಗ್ಗೆ ಒಂದು ಮಾತೂ ಕೇಳಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಡಿಸೆಂಬರ್ 9

ಕಾಗದ ಬಂತು. ತಪ್ಪು ಪೂರ್ತಿ ಜೀಪಿನವನದು. ಅವನ ವಿಮೆಯೇ ನಮ್ಮ ಬಂಪರಿಗೆ, ಹಿಂದಿನ ಬಾಗಿಲಿಗೆ ಕೊಡಬೇಕು. ರಿಮ್ಮಾ ಎರಡು ಸಲ ಓದಿ, ಮಡಿಸಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ಇನ್ನು ಸುಮ್ಮನಿರಲಾಗಲಿಲ್ಲ.

"ದಿನಾ ನೋಡ್ತಿದ್ದೆ," ಅಂದೆ. "ನೀನು ಓಡ್ಸೋದನ್ನ. ಹದಿನೈದು ದಿನ. ಅದಕ್ಕೇ ಕಾರ್ಡ್ ಇಲ್ಲಿತ್ತು."

"ತಪ್ಪು ಹುಡುಕೋಕೆ."

"ಮೊದಲ ದಿನ ಹೌದು."

"ಎಷ್ಟು ಸಿಕ್ತು?"

ಡ್ರಾಯರಿನಿಂದ ಕಾಗದ ತಂದು ಕೊಟ್ಟೆ. ಮೇಲೆ ತಾರೀಖು. ಕೆಳಗೆ ಏನೂ ಇಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮತ್ತೆ ಹ್ಯಾಂಡ್ ಬ್ರೇಕ್ ಯಾಕೆ ಕೇಳಿದೆ?"

"ಹೆದರಿದ್ದೆ. ಹೆದರಿದಾಗ ಹಳೇ ಬಾಯಿ ಬಂತು. ನೀನು ಗುದ್ದಿಲ್ಲ ಅಂತ ನನಗೆ ಗೊತ್ತಿತ್ತು, ರಿಮ್ಮಾ. ಆ ಕಾರ್ಖಾನೆ ಇಳಿಜಾರಿನಲ್ಲಿ ವ್ಯಾನ್ ಪಕ್ಕ ನುಸುಳಿದ್ಯಲ್ಲ, ನನ್ನ ಕೈಲಿ ಆಗ್ತಿರ್ಲಿಲ್ಲ. ಎರಡು ಕಣ್ಣಿದ್ದಾಗ್ಲೂ ಆಗ್ತಿರ್ಲಿಲ್ಲ."

ಅವಳು ಟೇಬಲ್ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಟ್ಟುಮಾಡಿದಳು.

"ಹಾಡೋದೂ ಕೇಳಿಸ್ತಾ?"

"ಕೇಳಿಸ್ತು."

"ಅಣಕಿಸೋದು?"

"ಅದೂ."

ಅವಳ ಕಿವಿ ಕೆಂಪಾಯಿತು. ಮೊದಲ ಸಲ ನಗು ಬಂತು, ತಡೆದುಕೊಂಡಳು. "ಒಂದು ವರ್ಷ ಆಯ್ತು ನೀನು ಆ ಗಾಡೀಲಿ ಕೂತು. ಕದ್ದು ನೋಡ್ತೀಯಂತೆ. ನೋಡ್ಬೇಕಂದ್ರೆ ಪಕ್ಕದಲ್ಲಿ ಕೂತು ನೋಡು. ಬಾಯಿ ಮಾತ್ರ ಮನೇಲಿ ಬಿಟ್ಟು ಬಾ."

ಡಿಸೆಂಬರ್ 14, ಬೆಳಿಗ್ಗೆ 11

ಮೂವತ್ತೈದು ಕಿಲೋಮೀಟರ್ ಆಚೆಯ ಹಳ್ಳಿ. ಶಾಲೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ರಿಮ್ಮಾ ಪಿಯಾನೋದ ಒಂದೇ ಕೀ ಮತ್ತೆ ಮತ್ತೆ ಒತ್ತುತ್ತಿದ್ದಾಳೆ. ಸ್ವರ ಅಲುಗುತ್ತದೆ, ಅಲುಗುತ್ತದೆ, ನಿಲ್ಲುತ್ತದೆ.

ರಿನಾತ್ ರಿಪೇರಿ ಮಾಡಿಕೊಟ್ಟ ಗಾಡಿಯಲ್ಲಿ ಬರುವಾಗ ನಾನು ಒಂದು ಮಾತೂ ಆಡಲಿಲ್ಲ. ಒಂದು ಕಡೆ ಮಾತ್ರ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅವಳು ಓರೆಗಣ್ಣಲ್ಲಿ ನೋಡಿ, "ಅಲ್ಲಿ ಬ್ರೇಕ್ ಇಲ್ಲ," ಅಂದಳು.

ಪರದೆಯಲ್ಲಿ ಕಾಣದಿದ್ದದ್ದು ಪಕ್ಕದಲ್ಲಿ ಕೂತಾಗ ಕಂಡಿತು. ತಿರುವು ಬರುವ ಮೊದಲು ಅವಳು ಹೆಗಲು ಸಡಿಲಿಸುತ್ತಾಳೆ. ಎಲ್ಲರೂ ಬಿಗಿಯುವ ಜಾಗದಲ್ಲಿ ಅವಳು

12.40, ಗಾಡಿಯಲ್ಲಿ

ಕರೆದಳು, ಅಲ್ಲಿಗೇ ನಿಲ್ಲಿಸಿದ್ದೆ. ಹೊರಟಿದ್ದೇವೆ. ಹಿಮ ಶುರುವಾಗಿದೆ. ಏನು ಬರೀತೀಯ ಯಾವಾಗ್ಲೂ ಎಂದು ಕೇಳಿದಳು. ದಾರಿ ಲೆಕ್ಕ ಅಂದೆ. ಓದು ನೋಡೋಣ ಅಂದಳು. ಓದಬೇಕಂತೆ, ಈಗಲೇ, ಮೊದಲಿಂದ. ಏರು ಬಂತು, ಲಾ ಹಿಡಿದಳು, ಅಕ್ಷರ ಅಲುಗುತ್ತಿದೆ, ಬರೆಯುವುದು ಬಿಟ್ಟು ಓದಲು ಶುರುಮಾಡು—